ಒದ್ದೆ ಗೋಡೆ, ದೊಡ್ಡ ಹಬ್ಬ

12 ಅಕ್ಟೋಬರ್ 2025, ಭಾನುವಾರ
ಶಿರಸಿ

ಬೆಳಿಗ್ಗೆ ಎಂಟಕ್ಕೇ ಬಣ್ಣದ ಕೆಲಸದ ಮೇಲೆ ಹುಲೇಕಲ್ ಕಡೆಯ ಅಕ್ಕೋರ, ಅಂದರೆ ಟೀಚರಮ್ಮನ, ಮನೆಗೆ ಹೋದೆ. ನಿನ್ನೆ ಇದೇ ಹೊತ್ತಿಗೆ ಅವರ ಪಡುವಣ ಗೋಡೆಯ ಪಾಚಿ ಕೆರೆದು, ಒರೆಸಿ, ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಬದಿ ಟೇಪ್ ಹಚ್ಚಿ ಬಂದಿದ್ದೆ. ಇವತ್ತು ಟೇಪ್ ಬಿಚ್ಚಿದರೆ ಹಾಳೆಯ ಒಳಮೈ ತುಂಬ ಸಣ್ಣ ಸಣ್ಣ ಹನಿ. ಬೆರಳಾಡಿಸಿದಲ್ಲಿ ಹನಿಗಳು ಕೂಡಿ ಕೆಳಗಿಳಿದವು. ಅಕ್ಕೋರು ಕನ್ನಡಕ ಹಾಕಿಕೊಂಡು ಹತ್ತಿರ ಬಂದು ನೋಡಿದರು.

“ಒಣಗಿದ ಹಾಂಗೇ ಕಾಣ್ತಿತ್ತಲ್ಲೋ ತಮಾ.”

“ಮೇಲೆ ಒಣಗಿದೆ ಅಕ್ಕೋರೇ. ಒಳಗೆ ಚಿರೇಕಲ್ಲು ಇನ್ನೂ ನೀರು ಹಿಡ್ಕೊಂಡೇ ಇದೆ.”

ಈ ವರ್ಷ ಮಳೆ ಮೇ ಕೊನೆಯಲ್ಲೇ ಹಿಡಿಯಿತು. ಅಷ್ಟು ತಿಂಗಳು ನೆನೆದ ಗೋಡೆಗೆ ಈಗ ಪುಟ್ಟಿ ಎಳೆದು ಬಣ್ಣ ಬಳಿದರೆ, ಒಳಗಿನ ನೀರು ಹೊರಗೆ ಬರಲು ದಾರಿ ಹುಡುಕುತ್ತದೆ. ಬಿಳಿ ಉಪ್ಪು ಉಕ್ಕಿ, ಪುಟ್ಟಿ ಹಪ್ಪಳದ ಹಾಗೆ ಏಳುತ್ತದೆ. ಆದರೆ ದೊಡ್ಡ ಹಬ್ಬಕ್ಕೆ, ಅಂದರೆ ದೀಪಾವಳಿಗೆ, ಉಳಿದಿರುವುದು ಹತ್ತೇ ದಿನ. ಅಕ್ಕೋರಿಗೆ ಅಷ್ಟರೊಳಗೆ ಇಡೀ ಮನೆ ಆಗಬೇಕು. ಹಬ್ಬದೊಳಗೆ ಮುಗಿಸಿಕೊಡುತ್ತೇವೆ ಎಂದು ಇಬ್ಬರು ಪೇಂಟರ್‌ಗಳು ಆಗಲೇ ಹೇಳಿ ಹೋಗಿದ್ದಾರೆ.

ನನಗೂ ಈ ಕೆಲಸ ಬೇಕಿತ್ತು. ಕಾರವಾರದಲ್ಲಿ ಹದಿನಾಲ್ಕು ವರ್ಷ ಪೇಂಟಿಂಗ್ ಮೇಸ್ತ್ರಿಯ ಕೈಕೆಳಗೆ ದುಡಿದು, ಆಗಸ್ಟ್‌ನಲ್ಲಿ ಊರಿಗೆ ಬಂದು ಸ್ವಂತ ಶುರುಮಾಡಿದೆ. ಇಲ್ಲಿಯವರೆಗೆ ಆದದ್ದು ಎರಡೇ ಮನೆ. 500 ಕರಪತ್ರ ಮಾಡಿಸಿ ಪೇಪರ್ ಹುಡುಗನ ಕೈಲಿ ಮನೆಮನೆಗೆ ಹಂಚಿಸಿದ್ದೆ, ಬಂದದ್ದು ಮೂರು ಫೋನ್. ಆ ಎರಡೂ ಮನೆ ಸಿಕ್ಕಿದ್ದು ಹಾರ್ಡ್‌ವೇರ್ ಅಂಗಡಿಯ ಕಟ್ಟೆಯಿಂದ. ಬಣ್ಣ ಕೊಳ್ಳಲು ಬಂದವರು ಮೊದಲು ಕೇಳುವುದೇ “ಯಾರಾದ್ರೂ ಒಳ್ಳೇ ಪೇಂಟರ್ ಇದ್ರೆ ಹೇಳಿ” ಅಂತ. ಅಂಗಡಿ ಯಜಮಾನರು ಮೊದಲು ಕೆಲವು ದಿನ ನನ್ನನ್ನು ನೋಡಿದರು. ಲೆಕ್ಕ ಹಾಕಿ ತಂದ ಡಬ್ಬ ಉಳಿದರೆ ಗಿರಾಕಿಯ ಹೆಸರಲ್ಲೇ ವಾಪಸ್ ಕೊಡುತ್ತೇನೆ ಎನ್ನುವುದು ಗೊತ್ತಾದ ಮೇಲೆಯೇ ನನ್ನ ನಂಬರ್ ಕೊಡಲು ಶುರುಮಾಡಿದರು.

ಕಳೆದ ವಾರ ಮರಾಠಿಕೊಪ್ಪದ ಒಂದು ಮನೆ ಕೈತಪ್ಪಿತು, ಅದು ಇನ್ನೂ ಮನಸ್ಸಿನಲ್ಲಿದೆ. ಚದರ ಅಡಿಗೆ ಇಷ್ಟು ಎಂದು ದರ ಹೇಳಿ ಒಪ್ಪಿಸಿ, ಮಾರನೇ ದಿನ ಒಟ್ಟು ಮೊತ್ತ ಹೇಳಿದೆ. ಅವರಿಗೆ ಸಿಟ್ಟೇ ಬಂತು. ಹತ್ತು ಹನ್ನೆರಡರ ಕೋಣೆ ಅಂದರೆ 120 ಚದರ ಅಡಿ ಎಂದು ಅವರು ನೆಲದ ಲೆಕ್ಕ ಹಿಡಿದಿದ್ದರು, ನನ್ನದು ಗೋಡೆಯ ಲೆಕ್ಕ. ನಾನು ಮೋಸ ಮಾಡಿದೆ ಅಂದುಕೊಂಡರು. ತಪ್ಪು ನನ್ನದೇ, ಮೊದಲೇ ಬಿಡಿಸಿ ಹೇಳಬೇಕಿತ್ತು.

ಅದಕ್ಕೇ ಇವತ್ತು ಅಕ್ಕೋರ ಒಳಕೋಣೆಯಲ್ಲಿ ಅಳತೆ ಟೇಪಿನ ಒಂದು ತುದಿ ಅವರ ಕೈಗೇ ಕೊಟ್ಟೆ. ಹೇಗೂ ಬಣ್ಣ ಬಳಿಯುವ ಗೋಡೆ, ಪೆನ್ಸಿಲ್‌ನಿಂದ ಅದರ ಮೇಲೇ ಬರೆದೆ. ಸುತ್ತಳತೆ 44 ಅಡಿ, ಎತ್ತರ 10, ಅಲ್ಲಿಗೆ 440. ಮೇಲಿನ ಸ್ಲ್ಯಾಬ್ 120. ಕೂಡಿದರೆ 560. ಬಾಗಿಲಿಗೆ 21, ಎರಡು ಕಿಟಕಿಗೆ 32 ಕಳೆದರೆ ಉಳಿಯುವುದು 507. ಕೆಳಗೆ ಕೂಲಿ ಬೇರೆ, ಸಾಮಾನು ಬೇರೆ, ಎಷ್ಟು ಕೋಟ್, ಯಾವ ಬಣ್ಣ. ಅಕ್ಕೋರು ಮೂವತ್ತು ವರ್ಷ ಗಣಿತ ಕಲಿಸಿದವರು. ಒಂದು ಸಲ ಬಾಯಲ್ಲೇ ಗುಣಿಸಿ ನೋಡಿ “ಸರಿ ಇದ್ದು” ಅಂದರು.

ಆದರೆ ದುಡ್ಡು ಕೊಡುವವನು ಬೆಂಗಳೂರಿನ ಮಗ. ನಮ್ಮ ಕಡೆ ಈಗ ಬಹಳ ಮನೆಗಳದ್ದು ಇದೇ ಕತೆ. ಮನೆಯಲ್ಲಿ ಇರುವುದು ವಯಸ್ಸಾದವರು, ಬಣ್ಣ ಆರಿಸುವುದು ಫೋನಿನಲ್ಲಿ. ಪ್ಲಾಸ್ಟಿಕ್ ಹಾಳೆಯ ಫೋಟೋ ಕಳಿಸಿ ಮಾತಾಡಿದೆ. ಬೇರೆಯವರು ಒಪ್ಪಿದ್ದಾರಲ್ಲ, ನಿಮಗೇನು ತೊಂದರೆ ಎಂದು ಕೇಳಿದರು. ಸ್ವಲ್ಪ ಬಿರುಸಾಗಿಯೇ ಕೇಳಿದರು. ಹೊರಗೋಡೆ ಈಗ ಮಾಡಿದರೆ ಮುಂದಿನ ಮಳೆಗಾಲದೊಳಗೆ ಕೆರೆದು ಮತ್ತೆ ಮಾಡಬೇಕಾಗುತ್ತದೆ, ಆ ದುಡ್ಡು ನಿಮ್ಮಿಂದ ತೆಗೆದುಕೊಳ್ಳಲು ನನಗೆ ಮನಸ್ಸಿಲ್ಲ ಎಂದೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ “ಆಯಿಗೆ ಫೋನ್ ಕೊಡಿ” ಅಂದರು.

ಹತ್ತು ನಿಮಿಷ ತಾಯಿ ಮಗ ಮಾತಾಡಿದರು. ನಾನು ಅಂಗಳದಲ್ಲಿ ನಿಂತೆ. ಎದೆ ಹೊಡೆದುಕೊಳ್ಳುತ್ತಿತ್ತು.

ಕೊನೆಗೆ ಒಪ್ಪಿದರು. ಒಳಕೋಣೆ, ಜಗುಲಿ, ಕಿಟಕಿಯ ಸರಳು ಇಷ್ಟು ಈಗ. ಸರಳಿನ ತುಕ್ಕು ಉಜ್ಜಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಹಚ್ಚಿಯೇ ಮೇಲಿನ ಬಣ್ಣ. ಹೊರಗೋಡೆ ಜನವರಿಗೆ. 2026 ಶಿರಸಿಯ ಮಾರಿಕಾಂಬೆಗೆ ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಜಾತ್ರೆಯ ವರ್ಷ, ನೆಂಟರು ಬರುವ ಮೊದಲು ಮುಗಿಯಬೇಕು ಎಂಬುದೊಂದು ಷರತ್ತು. ಮುಂಗಡ ಆರು ಸಾವಿರ ಬಂತು. ದಿನಾ ಸಂಜೆ ಮಗನಿಗೆ ಫೋಟೋ ಕಳಿಸುತ್ತೇನೆ ಎಂದಿದ್ದೇನೆ.

ಜಗುಲಿಯ ಕೆಳಗಿನ ಮೂರಡಿ ಪಟ್ಟಿಗೆ ಅಕ್ಕೋರಿಗೆ ಮಾರಿಗುಡಿಯ ಕೆಂಪೇ ಬೇಕಂತೆ. ಬರುವಾಗ ಶೇಡ್ ಕಾರ್ಡ್ ಹಿಡಿದು ಗುಡಿಗೇ ಹೋಗಿ ನಿಂತೆ. ಕಾವಿ ಕಲೆಯ ಕೆಂಪು ಅದು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು ಬಳಿದು, ಹಸಿ ಇರುವಾಗಲೇ ಕೊರೆದು ಒಳಗಿನ ಬಿಳಿ ಕಾಣಿಸುವ ಕೆಲಸ. ಕಾರ್ಡಿನ ಯಾವ ಕೆಂಪೂ ಪೂರ್ತಿ ಕೂಡಲಿಲ್ಲ. ಎರಡು ಹತ್ತಿರ ಬಂದವು. ಗೋಡೆಯ ಮೇಲೆ ಅಂಗೈಯಗಲ ಬಳಿದು ಒಣಗಿಸಿಯೇ ಅಕ್ಕೋರಿಗೆ ತೋರಿಸಬೇಕು.

ಹೊರಡುವಾಗ ಪ್ಲಾಸ್ಟಿಕ್ ಹಾಳೆ ಮಡಚಿ ಚೀಲಕ್ಕೆ ಹಾಕಲು ಹೋದೆ. “ಅದು ಇಲ್ಲೇ ಇರ್ಲಿ, ಡಿಸೆಂಬರ್‌ನಲ್ಲಿ ನಾನೇ ಹಚ್ಚಿ ನೋಡ್ತೆ” ಅಂದು ಇಸಕೊಂಡರು.

ನಾಳೆ ಎಂಟಕ್ಕೆ ಕೆಲಸ ಶುರು. ಮೊದಲು ಅಕ್ಕೋರ ಪುಸ್ತಕದ ಕಪಾಟು ಈಚೆ ತೆಗೆಯಬೇಕು.