ತೂಕದ ಪುಸ್ತಕದಲ್ಲಿ ಅವಳ ಹೆಸರು

ಆಲ್ದೂರಿನ ಹತ್ತಿರ ನಮ್ಮ ಸೋದರಮಾವನವರಿಗೆ ಒಂಬತ್ತು ಎಕರೆ ಕಾಫಿ ತೋಟವಿದೆ. ರೊಬಸ್ಟಾ ಕೊಯ್ಲು ಬಿರುಸಾಗಿದ್ದ ಜನವರಿಯ ಒಂದು ದಿನ, ಲೆಕ್ಕ ನೋಡಿಕೊಳ್ಳುವ ಅತ್ತೆ ಚಿಕ್ಕಮಗಳೂರಿಗೆ ಹೋಗಬೇಕಾಗಿ ಬಂದುದರಿಂದ ಸಂಜೆಯ ತೂಕ ಬರೆಯುವ ಹೊಣೆ ನನ್ನ ಪಾಲಿಗೆ ಬಂತು. ಮದುವೆಯಾದಂದಿನಿಂದ ಆ ಲೆಕ್ಕವನ್ನೆಲ್ಲ ಬರೆಯುತ್ತ ಬಂದಿರುವ ಅತ್ತೆಗೆ ಅದೇ ಪುಸ್ತಕದಲ್ಲಿ ಒಂದು ರೂಪಾಯಿಯ ಸಂಬಳವೂ ಇಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

ಕೊಯ್ಲಿನ ಕೂಲಿ ಕಿಲೋ ಲೆಕ್ಕದ್ದು. ಬೆಳಗಿನಿಂದ ಸೊಂಟಕ್ಕೆ ಚೀಲ ಕಟ್ಟಿಕೊಂಡು ಕೊಯ್ದವರು ನಾಲ್ಕು ಗಂಟೆಯ ಹೊತ್ತಿಗೆ ಹಣ್ಣನ್ನು ಟಾರ್ಪಾಲಿನ ಮೇಲೆ ಸುರಿದು, ಎಲೆ ಕಡ್ಡಿಗಳನ್ನು ಆರಿಸಿ ತೆಗೆದು, ಮೂಟೆಗೆ ತುಂಬಿ ತಕ್ಕಡಿಯ ಬಳಿಗೆ ತರುತ್ತಾರೆ. ಗಂಡಸರಿಗೂ ಹೆಂಗಸರಿಗೂ ಒಂದೇ ದರವಾದ್ದರಿಂದ ಇಲ್ಲಿ ತಾರತಮ್ಯಕ್ಕೆ ಎಡೆಯಿಲ್ಲವೆಂದೇ ತೋರುತ್ತದೆ. ಆದರೆ ಪುಸ್ತಕದ ಹಿಂದಿನ ಪುಟಗಳಲ್ಲಿ, ಜೋಡಿಯಾಗಿ ಕೊಯ್ಯುವ ದಂಪತಿಗಳ ಹಣ್ಣೆಲ್ಲ ಒಂದೇ ಮೂಟೆಗೆ ಸೇರಿ ಗಂಡನ ಹೆಸರಿನ ಮುಂದೆ ದಾಖಲಾಗಿತ್ತು. ವಾರದ ಬಟವಾಡೆಯೂ ಅವನ ಕೈಗೇ ಹೋಗಿತ್ತು.

ಆ ಸಂಜೆ ಒಬ್ಬ ಯುವತಿ ತನ್ನ ಮೂಟೆಯನ್ನು ತಾನೇ ಎಳೆದುಕೊಂಡು ಬಂದು, "ನಂದು ಬೇರೆ ತೂಗಿ ಅಕ್ಕಾ, ನನ್ನ ಹೆಸರಿಗೇ ಬರೀರಿ" ಎಂದಳು. ಮಗಳ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ತೆರೆದ ಖಾತೆಗೆ ಕಟ್ಟಲು ತನ್ನದೇ ದುಡ್ಡು ಬೇಕು ಎಂಬುದು ಅವಳ ಕಾರಣ. ಪಕ್ಕದಲ್ಲಿ ನಿಂತಿದ್ದ ಗಂಡ ಬೇಡವೆನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಅವಳದು 118 ಕಿಲೋ ತೂಗಿತು, ಅವನದು 94. ನಾನು ಎರಡು ಸಾಲು ಬರೆಯುವುದನ್ನು ಬಗ್ಗಿ ನೋಡಿದ ಅವಳು, ಹೆಸರು ಸರಿಯಾಗಿದೆಯೇ ಎಂದು ಅಕ್ಷರ ಅಕ್ಷರ ಕೂಡಿಸಿ ಓದಿಕೊಂಡಳು. ಹಿಂದಿದ್ದ ಇನ್ನೊಬ್ಬಾಕೆ ಕಟ್ಟಿದ್ದ ಮೂಟೆಯ ಬಾಯಿ ಬಿಚ್ಚಿ, ತನ್ನ ಪಾಲನ್ನು ಬೇರೆ ಮಾಡತೊಡಗಿದಳು.

ತಕ್ಕಡಿ ಇರುವ ಈ ಕೆಲವು ವಾರಗಳಲ್ಲಾದರೂ ಹೆಂಗಸರ ದುಡಿಮೆಗೆ ಒಂದು ಅಳತೆಯಿದೆ. ಕೊಯ್ಲು ಮುಗಿದು ದಿನಗೂಲಿ ಶುರುವಾದರೆ ಗಂಡಾಳಿಗೊಂದು ದರ, ಹೆಣ್ಣಾಳಿಗೊಂದು ದರ. ಮರಗಸಿಗೆ, ಅಂದರೆ ನೆರಳಿನ ಮರಗಳ ಕೊಂಬೆ ಸವರಲು, ಎತ್ತರದ ಮರ ಹತ್ತುವವರು ಜೀವವನ್ನೇ ಒತ್ತೆಯಿಡುತ್ತಾರೆ, ಅವರಿಗೆ ಹೆಚ್ಚು ಕೊಡುವುದು ನ್ಯಾಯವೆಂದು ನಾನೂ ಒಪ್ಪುತ್ತೇನೆ. ಆದರೆ ಅದೇ ಗಂಡಸರು ಮರುದಿನ ಹೆಂಗಸರ ಪಕ್ಕದಲ್ಲೇ ಗೊಬ್ಬರ ಹಾಕುವಾಗಲೂ ದರ ಇಳಿಯುವುದಿಲ್ಲ. ಒಂದೇ ಬಗೆಯ ಕೆಲಸಕ್ಕೆ ಒಂದೇ ವೇತನವೆಂದು 1976ರ ಸಮಾನ ವೇತನ ಕಾಯ್ದೆ ಹೇಳಿತು. 2019ರ ವೇತನ ಸಂಹಿತೆಯಲ್ಲೂ ಅದೇ ಮಾತಿದೆ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದ 1951ರ ತೋಟ ಕಾರ್ಮಿಕರ ಕಾಯ್ದೆ ಐದು ಹೆಕ್ಟೇರಿಗಿಂತ ಚಿಕ್ಕದಾದ ನಮ್ಮಂಥ ತೋಟಗಳನ್ನು ಸಾಮಾನ್ಯವಾಗಿ ಮುಟ್ಟುತ್ತಲೇ ಇರಲಿಲ್ಲ, ಕಾಫಿ ಬೆಳೆಗಾರರಲ್ಲಿ ಬಹುಪಾಲು ಜನ ಸಣ್ಣ ಹಿಡುವಳಿದಾರರೇ. ಆ ಯುವತಿಯ ಮಗಳು ಅಂದು ಇಡೀ ದಿನ ಗಿಡದ ಬುಡದಲ್ಲಿ ಹಾಸಿದ ಗೋಣಿಯ ಮೇಲೆ ಕುಳಿತಿದ್ದಳು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಕೆಲಸಕ್ಕೆ ಸಿಗುವುದಿಲ್ಲವೆಂದು ಮಾವ ದೂರುತ್ತಾರೆ. ಬಸ್ಸಿನ ಖರ್ಚಿಲ್ಲದೆ ಪೇಟೆಗೆ ಹೋಗಿ ಬರುವಂತಾದ ಮೇಲೆ ಅವರು ಅಲ್ಲಿಯ ಸಂಬಳವನ್ನೂ ಇಲ್ಲಿಯ ಕೂಲಿಯನ್ನೂ ಹೋಲಿಸಿ ನೋಡುತ್ತಿದ್ದಾರೆ, ಅದು ಅವರ ಹಕ್ಕು ಎಂದು ನಾನು ಅಂದು ರಾತ್ರಿ ಊಟದ ಹೊತ್ತಿನಲ್ಲಿ ಹೇಳಿದೆ. ಹೆಂಗಸರ ಕೂಲಿ ಹೆಚ್ಚಿಸಿದರೆ ಅಕ್ಕಪಕ್ಕದ ತೋಟದವರು ಏನೆಂದಾರು ಎಂಬುದೇ ಮಾವನ ದೊಡ್ಡ ಅಳುಕಾಗಿತ್ತು. ಅಷ್ಟರಲ್ಲಿ ಊರಿಂದ ಮರಳಿದ್ದ ಅತ್ತೆ, ಇನ್ನು ಮುಂದೆ ತೂಕವನ್ನು ಒಬ್ಬೊಬ್ಬರ ಹೆಸರಿಗೇ ಬರೆಯುವುದಾಗಿಯೂ ಬಟವಾಡೆಯನ್ನು ಅವರವರ ಕೈಗೇ ಕೊಡುವುದಾಗಿಯೂ ಯಾರನ್ನೂ ಕೇಳದೆ ತೀರ್ಮಾನಿಸಿದರು. ದಿನಗೂಲಿಯ ಮಾತು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಮಳೆಗಾಲದ ಕಳೆ ಕೆಲಸಕ್ಕೆ ಗಂಡಾಳಿಗೂ ಹೆಣ್ಣಾಳಿಗೂ ಒಂದೇ ದರ ಕೊಡಬೇಕೆಂದು ನಾನೂ ಅತ್ತೆಯೂ ಪಟ್ಟು ಹಿಡಿದಿದ್ದೇವೆ.