ಮೂರನೇ ಮಹಡಿಗೇ ಮುಗಿದಿದ್ದ ಶಾಫ್ಟ್

"ಸರ್, ಮೂರನೇ ಮಹಡಿಯಿಂದ ಮೇಲಕ್ಕೆ ಶಾಫ್ಟೇ ಇಲ್ಲ. ಸ್ಲ್ಯಾಬ್ ಮುಚ್ಚಿದೆ."

ಬೆಂಗಳೂರಿನ ಹೊರ ವರ್ತುಲ ರಸ್ತೆ ಹತ್ತಿರದ ಏಳು ಮಹಡಿಯ ಆಫೀಸ್ ಕಟ್ಟಡ. ಅಲ್ಲಿ ನೆಟ್‌ವರ್ಕ್ ಹಾಕುವ ಕೆಲಸ ನಮ್ಮದು. ಫೈಬರ್ (ಬೆಳಕಿನಲ್ಲಿ ಡೇಟಾ ಒಯ್ಯುವ ಕೇಬಲ್) ಎಳೆಯುತ್ತಿದ್ದ ಹುಡುಗ ಫೋನ್ ಮಾಡಿ ಹೀಗೆಂದಾಗ ನಾನು ನಂಬಲಿಲ್ಲ. ಡ್ರಾಯಿಂಗ್‌ನಲ್ಲಿ ಶಾಫ್ಟ್, ಅಂದರೆ ಕೇಬಲ್‌ಗಳು ಮಹಡಿಯಿಂದ ಮಹಡಿಗೆ ಹೋಗುವ ಕಿರಿದಾದ ದಾರಿ, ಕೆಳಗಿಂದ ಮೇಲಿನವರೆಗೂ ನೇರವಾಗಿಯೇ ಇತ್ತು. ಹೋಗಿ ನೋಡಿದರೆ ಅವನು ಹೇಳಿದ್ದು ನಿಜ. ನಾಲ್ಕನೇ ಮಹಡಿಯಿಂದ ಕಟ್ಟಡ ಒಳಕ್ಕೆ ಸರಿದಿತ್ತು. ಶಾಫ್ಟ್ ಕೂಡ 18 ಮೀಟರ್ ಆಚೆ ಹೋಗಿತ್ತು. ನಮಗೆ ಸಿಕ್ಕಿದ್ದು ಹಳೇ ಡ್ರಾಯಿಂಗ್.

ತಪ್ಪು ನನ್ನದೇ. ಸೈಟಿಗೆ ಎರಡು ಸಲ ಹೋಗಿದ್ದೆ, ಶಾಫ್ಟ್ ಬಾಗಿಲು ತೆಗೆಸಿರಲಿಲ್ಲ. ಮಹಡಿಗೆ 4 ಮೀಟರ್‌ನಂತೆ ಏಳನೇ ಮಹಡಿಗೆ 28, ಎರಡೂ ತುದಿಯಲ್ಲಿ ಸುರುಳಿ ಬಿಡಲು ಐದೈದು, ನೆಟ್‌ವರ್ಕ್ ಸಲಕರಣೆ ಇಡುವ ರ್‍ಯಾಕ್‌ವರೆಗೆ ಇನ್ನು ಹತ್ತು ಎಂದು ಲೆಕ್ಕ ಹಾಕಿ, ಡ್ರಮ್‌ನಿಂದ ಎಲ್ಲಾ ಮಹಡಿಯ ಕೇಬಲ್‌ಗಳನ್ನೂ ಮೊದಲೇ ಕತ್ತರಿಸಿ ಇಟ್ಟಿದ್ದೆವು. ಮೇಲಿನ ನಾಲ್ಕು ಮಹಡಿಯವು ಅಷ್ಟೂ ಗಿಡ್ಡ ಬಿದ್ದವು.

ಸ್ಲ್ಯಾಬ್‌ಗೆ ಕೋರ್ ಕಟಿಂಗ್ ಮಾಡಿಸೋಣ, ಅಂದರೆ ಕೊರೆದು ತೂತು ತೆಗೆಸೋಣ ಎಂದು ಒಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಅದು ಪೋಸ್ಟ್ ಟೆನ್ಷನ್ ಸ್ಲ್ಯಾಬ್. ಒಳಗೆ ಬಿಗಿಯಾಗಿ ಎಳೆದು ಕಟ್ಟಿದ ಉಕ್ಕಿನ ತಂತಿಗಳಿರುತ್ತವೆ. ಸ್ಕ್ಯಾನ್ ಮಾಡಿಸದೆ, ಸ್ಟ್ರಕ್ಚರಲ್ ಇಂಜಿನಿಯರ್ ಒಪ್ಪಿಗೆ ಇಲ್ಲದೆ ಅಲ್ಲಿ ಡ್ರಿಲ್ ಇಟ್ಟರೆ ಜೀವಕ್ಕೇ ಅಪಾಯ. ಗಿಡ್ಡ ತುಂಡುಗಳಿಗೆ ಮಧ್ಯದಲ್ಲಿ ಜಾಯಿಂಟ್ ಹಾಕಬಹುದಿತ್ತು. ಅಂಥ ಜಾಯಿಂಟ್‌ನಲ್ಲಿ ನಷ್ಟವಾಗುವ ಬೆಳಕು ತೀರಾ ಕಡಿಮೆ, ನಿಜ. ಆದರೆ ಫಾಲ್ಸ್ ಸೀಲಿಂಗ್ ಮೇಲೆ ಅಡಗಿ ಕೂತ ಜಾಯಿಂಟ್ ಐದು ವರ್ಷದ ಮೇಲೆ ಕೈಕೊಟ್ಟರೆ ಹುಡುಕುವವರು ಯಾರು? ಅದಕ್ಕೇ ಮೇಲಿನ ಮಹಡಿಗಳಿಗೆಂದು ಕತ್ತರಿಸಿದ್ದ ತುಂಡುಗಳನ್ನು ಕೆಳಗಿನ ಮಹಡಿಗಳಿಗೆ ಹಾಕಿದೆವು, ಮೇಲಿನವಕ್ಕೆ ಹೊಸ ಕೇಬಲ್ ತರಿಸಿದೆವು. ಒಂದು ವಾರ ಹೋಯಿತು.

ಆ ವಾರ ಸುಮ್ನೆ ಕೂರಲಿಲ್ಲ. ಟಾರ್ಚು, ಟೇಪು ಹಿಡಿದು ಇಡೀ ದಾರಿ ನಡೆದೆ. ಮೂರನೇ ಮಹಡಿಯ ಸೀಲಿಂಗ್‌ನಲ್ಲಿ ಎಸಿ ಡಕ್ಟ್ ಅಡ್ಡ ಬಂದು 18 ಮೀಟರ್ ದಾರಿ 23 ಆಯಿತು. ತಿರುವುಗಳಲ್ಲಿ ಕೇಬಲ್ ಇಡುವ ಟ್ರೇ ಚೂಪು ಮೂಲೆಯಾಗಿತ್ತು. ಎಳೆಯುವಾಗ ಫೈಬರ್ ಕೇಬಲ್‌ನ ಬಾಗಿನ ತ್ರಿಜ್ಯ ಅದರ ದಪ್ಪದ 20 ಪಟ್ಟಿಗಿಂತ ಕಮ್ಮಿ ಆಗಬಾರದು. ಟ್ರೇ ಬದಲಾಯಿಸಿದೆವು.

ಹಾಗೆ ನಡೆದಿದ್ದರಿಂದಲೇ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಎರಡನೇ ಮಹಡಿಯಲ್ಲಿ ರ್‍ಯಾಕ್ ರೂಮಿನಿಂದ ಆ ತುದಿಯ ಮೇಜಿಗೆ ನಕ್ಷೆಯಲ್ಲಿ ಗೆರೆ ಎಳೆದರೆ 70 ಮೀಟರ್. ಕೇಬಲ್ ಗೆರೆಯ ಮೇಲೆ ಹೋಗುವುದಿಲ್ಲ ಅಲ್ವಾ? ಟ್ರೇ ಹಿಡಿದು ಅಳೆದರೆ 96. ಕೇಬಲ್‌ಗಳು ಬಂದು ಸೇರುವ ಪ್ಯಾಚ್ ಪ್ಯಾನೆಲ್‌ನಿಂದ ಗೋಡೆಯ ಪಾಯಿಂಟ್‌ವರೆಗೆ ತಾಮ್ರದ ನೆಟ್‌ವರ್ಕ್ ಕೇಬಲ್‌ಗೆ 90 ಮೀಟರೇ ಮಿತಿ. ಆ ಕಡೆಗೆ ಇನ್ನೊಂದು ಚಿಕ್ಕ ರ್‍ಯಾಕ್ ಬೇಕಾಯಿತು, ಅದಕ್ಕೂ ಫೈಬರ್ ಬೇಕಾಯಿತು. ಕೇಬಲ್ ಎಳೆದ ಮೇಲೆ ಗೊತ್ತಾಗಿದ್ದರೆ ಎಷ್ಟು ಕಷ್ಟ!

ಹೊಸ ಕೇಬಲ್ ತರಿಸುವಾಗ 12 ಕೋರ್ (ಒಳಗೆ 12 ಗಾಜಿನ ಎಳೆ ಇರುವ) ಸಿಂಗಲ್ ಮೋಡ್, ಅಂದರೆ ತುಂಬಾ ದೂರಕ್ಕೂ ನಡೆಯುವ ಬಗೆಯ ಫೈಬರ್ ಬೇಕೆಂದು ಹಟ ಹಿಡಿದೆ. ಸದ್ಯಕ್ಕೆ ನಾಲ್ಕು ಕೋರ್ ಸಾಕು. ಆ ದೂರಕ್ಕೆ ಕಡಿಮೆ ದೂರದ ಬಗೆಯಾದ ಮಲ್ಟಿಮೋಡ್ ಕೂಡ ನಡೆಯುತ್ತದೆ. ಆದರೆ ಶಾಫ್ಟ್‌ನಲ್ಲಿ ದುಬಾರಿ ಆಗುವುದು ಕೂಲಿ ಮತ್ತು ಸಮಯ, ಕೋರ್ ಅಲ್ಲ; ಮುಂದೆ ಮತ್ತೆ ಎಳೆಯುವಂತಾಗಬಾರದು. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ಎರಡನೇ ಕೇಬಲನ್ನು ಕಟ್ಟಡದ ಇನ್ನೊಂದು ಬದಿಯ ಶಾಫ್ಟ್‌ನಲ್ಲಿ ತಂದೆವು. ಎರಡೂ ಒಂದೇ ಶಾಫ್ಟ್‌ನಲ್ಲಿದ್ದರೆ ನೀರು ಸೋರಿದರೂ ಇಲಿ ಕಡಿದರೂ ಎರಡೂ ಒಟ್ಟಿಗೇ ಹೋಗಬಹುದು.

ಕೊನೆಯ ಕೆಲಸ ಶಾಫ್ಟ್‌ನಲ್ಲಿ ಕೇಬಲ್ ಹಾದುಹೋದ ತೂತು ಮುಚ್ಚುವುದು. ಬಿಲ್ ಕಳಿಸುವ ಆತುರದಲ್ಲಿ ಬಹಳ ಜನ ಬಿಟ್ಟುಬಿಡುತ್ತಾರೆ. 2010ರ ಫೆಬ್ರವರಿ 23ರಂದು ಇದೇ ಊರಿನ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದು 9 ಜನ ಸತ್ತರು. ಮೇಲಿನ ಮಹಡಿಗಳಲ್ಲಿ ಹೊಗೆ ತುಂಬಿತ್ತು. ಮುಚ್ಚದೆ ಬಿಟ್ಟ ಶಾಫ್ಟ್ ಹೊಗೆಗೆ ಚಿಮಣಿ ಇದ್ದಂತೆ. ಇದನ್ನು ನಮ್ಮ ಹುಡುಗರಿಗೆ ಹೇಳಿದೆ. ಬೆಂಕಿ, ಹೊಗೆ ತಡೆಯುವ ಫೈರ್ ಸ್ಟಾಪ್ ಹಾಕಿದ ಮೇಲೆ ನಾನು ಪ್ರತಿ ಮಹಡಿಯ ತೂತಿನ ಕೆಳಗೂ ನಿಂತು ಟಾರ್ಚ್ ಬಿಟ್ಟೆ. ಪ್ರತಿ ಸಲವೂ ಅದರ ಮೇಲಿನ ಬದಿಯಲ್ಲಿ ಒಬ್ಬನನ್ನು ನಿಲ್ಲಿಸಿದ್ದೆ. "ಬೆಳಕು ಬರ್ತಿಲ್ಲ ಸರ್" ಎಂದು ಏಳೂ ಮಹಡಿಯಿಂದ ಫೋನ್ ಬಂದ ಮೇಲೆಯೇ ಕೀಲಿ ವಾಪಸ್ ಕೊಟ್ಟೆ.