ಯಾವ ನೀರಿಗೆ ಯಾವ ಸೊಳ್ಳೆ

ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಯಾವ ನೀರಿನಲ್ಲಿ ಯಾವ ಸೊಳ್ಳೆ ಎಂಬುದು ಬಹುಮಟ್ಟಿಗೆ ಆ ನೀರಿನಲ್ಲಿ ಏನೇನು ಕರಗಿದೆ ಎಂಬುದರ ಮೇಲೆ ನಿಂತಿದೆ. ಮೊಟ್ಟೆಯಿಡಲು ಹೊರಟ ಹೆಣ್ಣು ದೂರದಿಂದಲೇ ನೀರಿನ ವಾಸನೆ ಹಿಡಿದು ಬರುತ್ತದೆ, ಬಳಿಕ ಕಾಲುಗಳಿಂದ ಅದನ್ನು ಮುಟ್ಟಿ ರುಚಿ ನೋಡುತ್ತದೆ. ಡೆಂಗಿ ಹರಡುವ ಈಡಿಸ್ ಈಜಿಪ್ಟೈನಂಥ ಸೊಳ್ಳೆಗೆ ಉಪ್ಪು ಹೆಚ್ಚೆನಿಸಿದರೆ ಅಲ್ಲಿ ಮೊಟ್ಟೆಯಿಡಲು ಹಿಂಜರಿಯುತ್ತದೆ.

ಚರಂಡಿಯ ಕೊಳಚೆಯನ್ನು ಬಯಸುವುದು ಕ್ಯೂಲೆಕ್ಸ್ ಎಂಬ ಜಾತಿಯ ಸೊಳ್ಳೆ. ಸಾವಯವ ವಸ್ತು ಕೊಳೆಯುವಾಗ ಹೊಮ್ಮುವ, ನಾವು ಮೂಗು ಮುಚ್ಚಿಕೊಳ್ಳುವ ಸ್ಕಾಟೋಲ್‌ನಂಥ ಸಂಯುಕ್ತಗಳೇ ಅದನ್ನು ಸೆಳೆಯುತ್ತವೆ. ಅಂಥ ನೀರಿನಲ್ಲಿ ಕರಗಿದ ಆಮ್ಲಜನಕ ತೀರಾ ಕಡಿಮೆಯಿರುವುದರಿಂದ ಲಾರ್ವಾಗಳನ್ನು, ಅಂದರೆ ಮೊಟ್ಟೆಯೊಡೆದು ಬಂದ ಮರಿಗಳನ್ನು, ತಿನ್ನುವ ಮೀನುಗಳು ಬದುಕುವುದು ಕಷ್ಟ. ಲಾರ್ವಾ ಮಾತ್ರ ತಲೆಕೆಳಗಾಗಿ ತೂಗುತ್ತಾ, ಬಾಲದ ಬಳಿಯ ಕೊಳವೆಯ ತುದಿಯನ್ನು ನೀರಿನ ಮೇಲ್ಮೈಗೆ ತಾಗಿಸಿ ನೇರವಾಗಿ ಗಾಳಿಯನ್ನೇ ಉಸಿರಾಡುತ್ತದೆ. ಅಷ್ಟೇ ಅಲ್ಲ, ಕ್ಯೂಲೆಕ್ಸ್ ತೆಪ್ಪದಂತೆ ಜೋಡಿಸಿಡುವ ಪ್ರತಿಯೊಂದು ಮೊಟ್ಟೆಯ ತುದಿಯಲ್ಲೂ ಒಂದು ಕಿರುಹನಿ ಇರುತ್ತದೆ. ಅದರಿಂದ ಆವಿಯಾಗುವ ರಾಸಾಯನಿಕ ಇತರ ಹೆಣ್ಣುಗಳನ್ನೂ ಅದೇ ಜಾಗಕ್ಕೆ ಕರೆಯುತ್ತದೆ.

ಡೆಂಗಿ ಹರಡುವ ಈಡಿಸ್ ಶುದ್ಧ ನೀರಿನ ಸೊಳ್ಳೆ ಎಂಬ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕಣ್ಣಿಗೆ ತಿಳಿಯಾಗಿ ಕಾಣುವ ನೀರಿನಲ್ಲೂ ಉದುರಿದ ಎಲೆ, ಧೂಳು, ಸತ್ತ ಕೀಟಗಳಿಂದ ಬ್ಯಾಕ್ಟೀರಿಯಾಗಳಿಗೆ ಮೇವು ಸಿಗುತ್ತದೆ, ಲಾರ್ವಾಗಳಿಗೆ ಬ್ಯಾಕ್ಟೀರಿಯಾಗಳೇ ಮೇವು. ಈ ಸೊಳ್ಳೆ ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒದ್ದೆ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ತಿಂಗಳುಗಟ್ಟಲೆ ಒಣಗಿದ್ದ ಮೊಟ್ಟೆಯೂ ಮುಳುಗಿದಾಗ, ಸುತ್ತಲಿನ ಆಮ್ಲಜನಕ ಇಳಿಯತೊಡಗಿದರೆ ಒಡೆಯುತ್ತದೆ. ಆಮ್ಲಜನಕ ಇಳಿಯಿತೆಂದರೆ ಬ್ಯಾಕ್ಟೀರಿಯಾ ಬೆಳೆಯುತ್ತಿವೆ, ಅಂದರೆ ಮರಿಗೆ ಆಹಾರ ಸಿದ್ಧವಿದೆ ಎಂದರ್ಥ.

ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂದು ಹೇಳುವ ಪಿಎಚ್ ಬಗ್ಗೆ ಅಗತ್ಯಕ್ಕಿಂತ ಹೆಚ್ಚು ಚರ್ಚೆ ನಡೆಯುತ್ತದೆ ಎನಿಸುತ್ತದೆ. ಪ್ರಯೋಗಾಲಯದಲ್ಲಿ ಈಡಿಸ್ ಲಾರ್ವಾಗಳು 4ರಿಂದ 11ರವರೆಗಿನ ಪಿಎಚ್ ತಾಳಿಕೊಂಡಿವೆ.

ಲವಣದ ಕಥೆ ಬೇರೆ. ಸಿಹಿನೀರಿನ ಲಾರ್ವಾದ ದೇಹದೊಳಕ್ಕೆ ನೀರು ಸದಾ ನುಗ್ಗುತ್ತಿರುತ್ತದೆ, ಲವಣ ಸೋರಿಹೋಗುತ್ತಿರುತ್ತದೆ. ಬಾಲದ ತುದಿಯ ನಾಲ್ಕು ಎಲೆಯಾಕಾರದ ಅಂಗಗಳು ಸೋಡಿಯಂ ಮತ್ತು ಕ್ಲೋರೈಡ್‌ಗಳನ್ನು ನೀರಿನಿಂದ ಹೀರಿ ಆ ಕೊರತೆ ತುಂಬುತ್ತವೆ. ಲವಣ ತೀರಾ ಕಡಿಮೆಯಿರುವ ನೀರಿನಲ್ಲಿ ಬೆಳೆದ ಲಾರ್ವಾದಲ್ಲಿ ಇವು ಹೆಚ್ಚು ಉದ್ದವಾಗುತ್ತವೆ. ಇದಕ್ಕೆ ತದ್ವಿರುದ್ಧವಾಗಿ ಅಮೆರಿಕ ಖಂಡಗಳ ಕರಾವಳಿಯ ಈಡಿಸ್ ಟೀನಿಯೋರಿಂಕಸ್‌ನ ಲಾರ್ವಾ, ಗುದನಾಳದ ಹಿಂಭಾಗದಿಂದ ಗಾಢವಾದ ಉಪ್ಪುನೀರನ್ನು ಹೊರಹಾಕಿ, ಲೀಟರಿಗೆ ಸುಮಾರು 35 ಗ್ರಾಂ ಲವಣವಿರುವ ಸಮುದ್ರದ ನೀರಿನಲ್ಲೂ ಬದುಕುತ್ತದೆ. ಮಲೇರಿಯಾ ಹರಡುವ ಅನಾಫಿಲಿಸ್‌ಗಳಲ್ಲಿ ಸುಂಡೈಕಸ್ ಪ್ರಭೇದ ಚೌಳು ನೀರಿಗೆ ಒಗ್ಗಿಕೊಂಡಿದೆ.

ಹೆಣ್ಣಿನ ಈ ಆಯ್ಕೆಯನ್ನೇ ಬಳಸಿ ಬಲೆಯನ್ನೂ ಹೂಡುತ್ತಾರೆ. ಹುಲ್ಲನ್ನು ಕೆಲವು ದಿನ ನೆನೆಸಿ ಕೊಳೆಸಿದ ನೀರಿನ ಮೇಲೆ ಚಿಕ್ಕ ಫ್ಯಾನ್ ಅಳವಡಿಸಿಟ್ಟರೆ ಮೊಟ್ಟೆಯಿಡಲು ಬಂದ ಕ್ಯೂಲೆಕ್ಸ್ ಸಿಕ್ಕಿಬೀಳುತ್ತವೆ. ಅವುಗಳಲ್ಲಿ ಹೆಚ್ಚಿನವು ಆಗಲೇ ರಕ್ತ ಹೀರಿರುವುದರಿಂದ, ಊರಿನಲ್ಲಿ ವೈರಸ್ ಸುಳಿದಾಡುತ್ತಿದೆಯೇ ಎಂದು ಪರೀಕ್ಷಿಸಲು ಅಂಥ ಸೊಳ್ಳೆಗಳೇ ಹೆಚ್ಚು ಉಪಯುಕ್ತ.